ಅಕ್ಕನ ಶೆಡ್ಡಿಗೆ ಬೇಯಿಸಿದ ಹುರಳಿ

ಶನಿವಾರ ಮಧ್ಯಾಹ್ನ ಶಿಗ್ಗಾಂವದ ಕಾಲೇಜಿನಲ್ಲಿ ಕೊನೆಯ ತರಗತಿ ಮುಗಿಸಿ ಹಾನಗಲ್ಲಿಗೆ ಬಂದಿಳಿಯುವಷ್ಟರಲ್ಲಿ ನನಗೆ ಯಾರೊಡನೆಯೂ ಮಾತು ಬೇಡವಾಗಿರುತ್ತಿತ್ತು. ನಮ್ಮ ಮನೆ ಬಸ್ ನಿಲ್ದಾಣದಿಂದ ದೂರವಿಲ್ಲ. ಆದರೂ ಮನೆಗೆ ಹೋಗದೆ, ಅಲ್ಲೇ ಬೆಂಚಿನ ಮೇಲೆ ಕೂತು, ಬೆಳಿಗ್ಗೆ ಅವ್ವ ಕಟ್ಟಿಕೊಟ್ಟ ರೊಟ್ಟಿಯಲ್ಲಿ ಉಳಿದದ್ದನ್ನು ತಿಂದು, ಅಕ್ಕಿಆಲೂರಿನ ಮೇಲೆ ಚಿಕ್ಕೇರೂರಿಗೆ ಹೋಗುವ ಬಸ್ಸು ಕಾಯುತ್ತಿದ್ದೆ. ಚಿಕ್ಕೇರೂರು ಅಕ್ಕನನ್ನು ಕೊಟ್ಟ ಊರು. ಅವಳ ಮನೆಯ ಹಿಂದೆ, ಹೊಲದ ಅಂಚಿಗೆ, ಅವಳ ಕೋಳಿ ಶೆಡ್ಡು. ಕಳೆದ ವರ್ಷದ ಬಹುಪಾಲು ಶನಿವಾರ, ಭಾನುವಾರಗಳು ಆ ಶೆಡ್ಡಿಗೇ ಹೋದವು.

ನಾನು ಓದಿದ್ದು ಪ್ರಾಣಿಶಾಸ್ತ್ರ. ಎಂ.ಎಸ್ಸಿ. ಕೊನೆಯ ವರ್ಷದಲ್ಲಿ ಬರೆದ ಪ್ರಬಂಧ, ಬ್ರಾಯ್ಲರ್ ಕೋಳಿಯ ಮೇವಿನಲ್ಲಿ ಸೋಯಾ ಹಿಂಡಿಯ ಬದಲು ಬೇರೆ ದ್ವಿದಳ ಧಾನ್ಯಗಳನ್ನು ಬಳಸುವುದರ ಕುರಿತಾದದ್ದು. ಅಲಸಂದಿ, ಅವರೆ, ಮಡಿಕೆ ಕಾಳು, ಹುರಳಿ, ತೊಗರಿಯ ನುಚ್ಚು, ಹೀಗೆ ಒಂದೊಂದಕ್ಕೆ ಒಂದೊಂದು ಅಧ್ಯಾಯ. ಅಷ್ಟನ್ನೂ ಗ್ರಂಥಾಲಯದಲ್ಲಿ ಕೂತು ಬರೆದದ್ದು. ಬರೆದು ಮುಗಿಸುವ ತನಕ ಒಂದು ಕೋಳಿಯನ್ನೂ ಕೈಯಲ್ಲಿ ಹಿಡಿದಿರಲಿಲ್ಲ. ಆಮೇಲೆ ಶಿಗ್ಗಾಂವದಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ವರ್ಷ ವರ್ಷವೂ ಹೊಸದಾಗಿ ಅರ್ಜಿ ಹಾಕಿ ಕಾಯಬೇಕಾದ ಕೆಲಸ. ಪ್ರಬಂಧ ಕಪಾಟು ಸೇರಿತು. ಅದನ್ನು ಹೊರಗೆ ತೆಗೆಸಿದವಳು ಅಕ್ಕ.

ಅಕ್ಕ ಕೆಲವು ವರ್ಷ ಒಂದು ಕಂಪನಿಗೆ ಕೋಳಿ ಸಾಕಿಕೊಡುತ್ತಿದ್ದಳು. ಮರಿ ಅವರದೇ, ಮೇವು ಅವರದೇ, ಔಷಧಿಯೂ ಅವರದೇ. ಶೆಡ್ಡು ಮತ್ತು ದುಡಿಮೆ ಮಾತ್ರ ಅಕ್ಕನದು. ಕಳೆದ ವರ್ಷದ ಮಳೆಗಾಲ ಶೆಡ್ಡಿನ ದಾರಿಯಲ್ಲಿ ಮೇವಿನ ಲಾರಿ ಎರಡು ಸಲ ಹೂತುಹೋಯಿತು. ಮೂರನೆಯ ಸಲ ಲಾರಿ ಬರಲಿಲ್ಲ, ಮರಿಗಳೂ ಬರಲಿಲ್ಲ. ದಾರಿ ಸರಿಮಾಡಿಸಿಕೊಳ್ಳಿ, ಆಮೇಲೆ ನೋಡೋಣ ಎಂದರು. ದಾರಿ ನಾಲ್ಕು ಮನೆಯವರ ಹೊಲದ ಮೇಲೆ ಹಾದುಹೋಗುತ್ತದೆ. ಅದು ಸರಿಯಾಗುವ ಮಾತಲ್ಲ.

ಶೆಡ್ಡು ಖಾಲಿ ನಿಂತಿತು. ಭಾವನಿಗೆ ಅದರ ಮೇಲೆ ಕಣ್ಣಿತ್ತು, ಕೆಟ್ಟ ಕಣ್ಣಲ್ಲ. ಅವರದು ಗೋವಿನಜೋಳದ ಹೊಲ. ರಾಶಿಯಾದ ಕೂಡಲೇ ಎಲ್ಲರೂ ಒಟ್ಟಿಗೆ ಮಾರುವಾಗ ತಾವೂ ಮಾರಬೇಕಾಗುತ್ತಿತ್ತು, ಇಡಲು ಜಾಗವಿಲ್ಲದ ಕಾರಣಕ್ಕೆ. ಖಾಲಿ ಶೆಡ್ಡಿನಲ್ಲಿ ಚೀಲ ಒಟ್ಟಿದರೆ ಎರಡು ತಿಂಗಳು ಕಾಯಬಹುದು ಎನ್ನುವುದು ಅವರ ಲೆಕ್ಕ. ಆದರೆ ಮದುವೆಯಾಗಿ ಬಂದ ಮನೆಯಲ್ಲಿ ಅಕ್ಕ ತಾನಾಗಿ ಆರಂಭಿಸಿದ್ದು ಆ ಶೆಡ್ಡು ಒಂದೇ. ಅದು ಹೋದರೆ ಮತ್ತೆ ಬೆಳಗಾದರೆ ಅತ್ತೆಯ ಹಿಂದೆ ಹೊಲ, ಸಂಜೆಯಾದರೆ ಅತ್ತೆಯ ಹಿಂದೆ ಒಲೆ. ಇದನ್ನು ಅವಳು ನನಗೆ ಬಾಯಿಬಿಟ್ಟು ಹೇಳಿದ್ದು ಒಂದೇ ಸಲ, ಫೋನಿನಲ್ಲಿ.

"ನಾನ ಮರಿ ತರತೇನಿ, ನಾನ ಮೇವು ಮಾಡ್ಕೋತೇನಿ ಅಂದೇನಿ. ಒಂದ್ ಸಲ ನೋಡೂಣು ಅಂದಾರ ನಿಮ್ಮ ಭಾವ. ತೂಕ ಬರಲಿಲ್ಲಂದ್ರ ಶೆಡ್ಡಿನಾಗ ಜ್ವಾಳದ ಚೀಲ."

"ಸೋಯಾ ಹಿಂಡಿ ಭಾಳ ತುಟ್ಟಿ ಐತಲ್ಲ?"

"ಅದಕ್ಕ ನಿನಗ ಫೋನ್ ಹಚ್ಚೇನಿ. ನಿನ್ನ ಪುಸ್ತಕದಾಗ ಹುರಳಿ ಐತೇನು?"

"ಐತಿ."

"ನಮ್ಮನ್ಯಾಗೂ ಐತಿ. ಅಟ್ಟದ ಮ್ಯಾಲ ಕುಂತೈತಿ, ಕೇಳವರಿಲ್ಲ. ಶನಿವಾರ ಬಾ."

ಹುರಳಿಯ ಅಧ್ಯಾಯವನ್ನು ಬಸ್ಸಿನಲ್ಲಿ ಮತ್ತೆ ಓದಿದೆ. ಹಸಿ ಹುರಳಿಯಲ್ಲಿ ಪ್ರೋಟೀನು ಸಾಕಷ್ಟಿದೆ, ಆದರೆ ಅದನ್ನು ಜೀರ್ಣವಾಗಲು ಬಿಡದ ಅಂಶವೊಂದು ಅದರಲ್ಲೇ ಇದೆ. ಬಿಸಿ ತಾಗಿಸಿದರೆ ಆ ಅಂಶ ಸಾಯುತ್ತದೆ. ಸಿಪ್ಪೆಯಲ್ಲಿ ಒಗರೂ ಇದೆ. ಸೋಯಾದಲ್ಲಿರುವ ಕೆಲವು ಪೋಷಕಗಳು ಹುರಳಿಯಲ್ಲಿ ಕಡಿಮೆ, ಅದಕ್ಕೆ ಅಂಗಡಿಯಲ್ಲಿ ಸಿಗುವ ಪುಡಿ ಸೇರಿಸಬೇಕು. ಸೋಯಾವನ್ನು ಪೂರ್ತಿ ತೆಗೆಯುವುದು ಬೇಡ, ಅರ್ಧಕ್ಕೆ ಹುರಳಿ ಹಾಕಿ ನೋಡೋಣ ಎಂದು ಅಕ್ಕನಿಗೆ ಹೇಳಿದೆ. ಮೊದಲೇ ಶೆಡ್ಡು ತುಂಬಿಸಬೇಡ ಎಂದೂ ಹೇಳಿದೆ. ದನದ ಕೊಟ್ಟಿಗೆಯಲ್ಲಿ ಎತ್ತು ಮಾರಿದ ಮೇಲೆ ಖಾಲಿಯಾಗಿದ್ದ ಮೂಲೆಯಲ್ಲಿ ಒಂದಿಷ್ಟು ಮರಿ ಬಿಟ್ಟೆವು.

ಹುರಳಿ ಬೇಯಿಸುವ ಕೆಲಸ ಅಕ್ಕನ ಅತ್ತೆ ತಗೊಂಡರು. ಆ ಮನೆಯಲ್ಲಿ ಯಾರೂ ಕೋಳಿ ತಿನ್ನುವುದಿಲ್ಲ. ಸಾಕುವುದಕ್ಕೆ ಅಡ್ಡಿಯಿಲ್ಲ, ಒಲೆಯ ಹತ್ತಿರ ಬರಬಾರದು, ಅಷ್ಟೇ. ಕೋಳಿಯ ಹೆಸರಿನ ಪಾತ್ರೆ ಅಡಿಗೆಮನೆಗೆ ಬರುವುದು ಬೇಡ, ತಮ್ಮ ದೊಡ್ಡ ಪಾತ್ರೆಯಲ್ಲಿ ತಾವೇ ಬೇಯಿಸಿಕೊಡುವುದಾಗಿ ಅವರೇ ಹೇಳಿದರು.

"ನಾವು ತಿನ್ನಂಗಿಲ್ಲವಾ, ಬೆಳಸ್ತೇವಿ ಅಷ್ಟ," ಎಂದರು ನನಗೆ. "ನೀನು ಕಾಲೇಜಿನಾಗ ಮಕ್ಕಳನ್ನ ಬೆಳಸ್ತೀಯಲ್ಲ, ಹಂಗ."

ಅವರು ಬೇಯಿಸಿ ಬುಟ್ಟಿಯಲ್ಲಿ ಹೊರಗಿಡುತ್ತಿದ್ದರು. ನಾನು, ಅಕ್ಕ ಅದನ್ನು ಮಾಳಿಗೆಗೆ ಹೊತ್ತು, ತಾಡಪತ್ರಿಯ ಮೇಲೆ ಹರವಿ, ಒಣಗಿದ ಮೇಲೆ ಗಿರಣಿಗೆ ಒಯ್ದು ಒಡೆಸಿ, ಗೋವಿನಜೋಳದ ನುಚ್ಚು ಮತ್ತು ಹಿಂಡಿಯೊಂದಿಗೆ ಸಲಿಕೆಯಲ್ಲಿ ಕಲಸುತ್ತಿದ್ದೆವು. ಕಲಸಿ ಕಲಸಿ ಸೋಮವಾರ ಕಪ್ಪು ಹಲಗೆಯ ಮೇಲೆ ಬರೆಯುವಾಗ ತೋಳು ಏಳುತ್ತಿರಲಿಲ್ಲ. ಮಧ್ಯಾಹ್ನ ಕೈ ತೊಳೆದು ಒಳಗೆ ಬಂದರೆ ಅತ್ತೆ ರೊಟ್ಟಿ, ಪಲ್ಯ, ಬಿಸಿ ಸಾರು ಬಡಿಸುತ್ತಿದ್ದರು. ಉಂಡು ಗೋಡೆಗೆ ಒರಗಿದರೆ ಕಣ್ಣು ಮುಚ್ಚುತ್ತಿತ್ತು.

ಕೊಟ್ಟಿಗೆಯ ಮರಿಗಳು ಚೆನ್ನಾಗಿ ಬಂದವು. ಇಷ್ಟೊಂದು ಚೆನ್ನಾಗಿ ಬಂದದ್ದು ನನಗೇ ನಂಬಿಕೆಯಾಗದೆ ತಕ್ಕಡಿಯನ್ನು ಪಕ್ಕದ ಕಿರಾಣಿ ಅಂಗಡಿಗೆ ಒಯ್ದು ತಾಳೆ ನೋಡಿದೆ. ಸರಿಯಾಗಿಯೇ ಇತ್ತು. ಸವಣೂರಿನ ಕೋಳಿ ವ್ಯಾಪಾರಿಯೊಬ್ಬರಿಗೆ ಅಕ್ಕ ಹೇಳಿಕಳಿಸಿದಳು. ಕಂಪನಿ ಇದ್ದಾಗಿನಿಂದ ಗುರುತಿನವರು, ಬಿಳಿ ಗಡ್ಡ, ಸದಾ ನಗುವ ಮನುಷ್ಯ. ಒಂದು ಕೋಳಿಯ ರೆಕ್ಕೆ ಹಿಡಿದೆತ್ತಿ, ಎದೆಯ ಮೇಲೆ ಹೆಬ್ಬೆರಳು ಒತ್ತಿ ನೋಡಿದರು.

"ಏನ್ ತಿನ್ನಸೀರಿ ಅಕ್ಕಾರ?"

"ಹುರಳಿ."

"ಹುರಳಿನಾ?" ಎಂದು ಕೋಳಿಯ ಮುಖ ನೋಡಿದರು. "ಕೋಳಿಗೋ, ಕುದರಿಗೋ? ನಾಳಿಗಿ ಇದು ನನ್ನ ಟೆಂಪೋದ ಮುಂದ ಓಡಿದ್ರ ನಾ ಜವಾಬ್ದಾರಿ ಅಲ್ಲ ನೋಡ್ರಿ!"

"ಮಾಲು ಹೆಂಗೈತಿ ಹೇಳ್ರಿ."

"ಮಾಲು ಬರಾಬರಿ ಐತಿ. ಶೆಡ್ಡು ತುಂಬಸ್ರಿ, ನಾನ ಒಯ್ತೇನಿ. ಮೇಡಂ ಏನ್ ಓದ್ಯಾರ್ರಿ?"

ಅಕ್ಕ ಹೇಳಿದಳು. ಅವರು ನನ್ನ ಕಡೆ ತಿರುಗಿ, "ನಮ್ಮ ಸೊಸಿನೂ ಎಂ.ಎಸ್ಸಿ. ನೋಡ್ರಿ, ಒಂದ್ ಮಾತು ನನಗ ಉಪಯೋಗ ಆಗಂಥಾದ್ದು ಕಲತಿಲ್ಲ," ಎಂದು ನಕ್ಕು ಟೆಂಪೋ ಹತ್ತಿದರು.

ಅಕ್ಕ ಅವತ್ತು ಶೆಡ್ಡನ್ನು ತೊಳೆದಳು. ನಾನು ಸಂಜೆಯ ಬಸ್ಸಿಗೆ ಹೊರಟಾಗಲೂ ಅವಳು ಸೀರೆ ಎತ್ತಿ ಸಿಕ್ಕಿಸಿಕೊಂಡು ನೆಲ ಉಜ್ಜುತ್ತಿದ್ದಳು.

ಶೆಡ್ಡು ತುಂಬ ಮರಿ ಎಂದರೆ ಹುರಳಿ ಬೇಯಿಸುವುದು ಅಡಿಗೆಮನೆಯ ಕೆಲಸವಾಗಿ ಉಳಿಯುವುದಿಲ್ಲ. ಅತ್ತೆಗೆ ಅಷ್ಟು ಬೇಯಿಸಲು ಆಗದು. ಮೋಡ ಮುಸುಕಿದ ವಾರ ಬಂದರೆ ಮಾಳಿಗೆಯ ಮೇಲೆ ಒಣಗುವುದೂ ಇಲ್ಲ, ಹುಳಿ ವಾಸನೆ ಬರುತ್ತದೆ. ಬಿಸಿ ತಾಗುವುದು ಮುಖ್ಯ ತಾನೇ, ಹುರಿಸೋಣ ಎಂದೆ ನಾನು. ಅಕ್ಕಿಆಲೂರಿನಲ್ಲಿ ಚುರುಮುರಿ ಹುರಿಯುವ ಭಟ್ಟಿಯೊಂದಿದೆ. ಕಾದ ಮರಳಿನಲ್ಲಿ ಅಕ್ಕಿ ಹುರಿಯುವವರು ಹುರಳಿಯನ್ನೂ ಹುರಿದುಕೊಟ್ಟರು. ಚಟಪಟ ಸಿಡಿದು, ಸಣ್ಣಗೆ ಬಿರುಕು ಬಿಟ್ಟು, ಒಳ್ಳೆಯ ಪರಿಮಳದ ಕಾಳು. ಒಣಗಿಸುವ ಗೋಜಿಲ್ಲ, ನೇರ ಗಿರಣಿಗೆ. ನನಗೂ ಅಕ್ಕನಿಗೂ ದೊಡ್ಡ ಭಾರ ಇಳಿದಂತಾಯಿತು. ಅಕ್ಕ ಹೊಸ ಹುರಳಿ ಚೀಲಗಳನ್ನೂ ಕೊಂಡಳು. ಅವಳ ಕೈಯಲ್ಲಿದ್ದದ್ದೆಲ್ಲ ಮರಿಗೂ ಆ ಚೀಲಗಳಿಗೂ ಹೋಯಿತು.

ಮೊದಲ ವಾರ ಏನೂ ತಿಳಿಯಲಿಲ್ಲ. ಮರಿಗಳು ಹಳದಿ ಹತ್ತಿಯುಂಡೆಗಳ ಹಾಗೆ ಬಲ್ಬಿನ ಕೆಳಗೆ ಗುಂಪು ಸೇರುತ್ತಿದ್ದವು. ಮುಂದಿನ ಶನಿವಾರ ಹೋದಾಗ ನೆಲಕ್ಕೆ ಹರವಿದ ಭತ್ತದ ಹೊಟ್ಟು ಒದ್ದೆಯಾಗಿತ್ತು. ಅದರ ಮುಂದಿನ ವಾರ ಒಂದೇ ವಯಸ್ಸಿನ ಮರಿಗಳು ಅಕ್ಕತಂಗಿಯರ ಹಾಗೆ ಸಣ್ಣವು ದೊಡ್ಡವು ಕಾಣತೊಡಗಿದವು. ಮೇವು ತಿನ್ನುತ್ತಿದ್ದವು, ನೀರು ಕುಡಿಯುತ್ತಿದ್ದವು, ಮೈ ಮಾತ್ರ ತುಂಬುತ್ತಿರಲಿಲ್ಲ. ತಕ್ಕಡಿಯ ಮೇಲೆ ಇಟ್ಟಾಗ ಅಕ್ಕ ಅಂಕಿಯನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ನಾನು ಅಂಕಿ ಹೇಳಿ ಮುಂದಿನ ಕೋಳಿ ಹಿಡಿಯುತ್ತಿದ್ದೆ.

ಔಷಧಿ ಅಂಗಡಿಯವರು ಹೊಟ್ಟೆ ಸೋಂಕು ಎಂದು ಪುಡಿ ಕೊಟ್ಟರು. ಹೊಟ್ಟು ಬದಲಿಸಿದೆವು. ನೀರಿನ ಡಬ್ಬಿಗಳನ್ನು ಬಿಸಿನೀರಿನಲ್ಲಿ ತೊಳೆದೆವು. ಸವಣೂರಿನ ವ್ಯಾಪಾರಿ ದಾರಿಯಲ್ಲಿ ಬಂದವರು ಇಣುಕಿ ನೋಡಿ, ಈ ಸಲ ನಗಲಿಲ್ಲ.

"ಬೋರಿನ ನೀರು ಬದಲಾಗೇತಿ ಅನ್ನಸ್ತತಿ ಅಕ್ಕಾರ. ನಮ್ಮ ಕಡೆನೂ ಹಿಂಗ ಆಗಿತ್ತು."

"ನೀರು ಅದ ಐತ್ರಿ. ಆವಾಗ ಕುಡದದ್ದೂ ಇದ."

"ಹಂಗಾರ ಹವಾ," ಎಂದರು. ಹೊರಡುವಾಗ ಮತ್ತೆ, "ಹವಾನ ಇರಬೇಕ್ರಿ," ಎಂದರು. ಅವರಿಗೂ ತಿಳಿದಿರಲಿಲ್ಲ. ಯಾರಿಗೂ ತಿಳಿದಿರಲಿಲ್ಲ.

ಭಾವ ಒಂದು ದಿನ ಶೆಡ್ಡಿನ ಬಾಗಿಲಲ್ಲಿ ನಿಂತು ಚಾವಣಿಯ ತಗಡುಗಳನ್ನು ಒಂದೊಂದಾಗಿ ನೋಡಿದರು, ಎಲ್ಲಿ ಸೋರುತ್ತದೆ ಎಂದು. ಕೋಳಿಗೆ ಸ್ವಲ್ಪ ಸೋರಿದರೆ ನಡೆಯುತ್ತದೆ, ಜೋಳದ ಚೀಲಕ್ಕೆ ನಡೆಯುವುದಿಲ್ಲ. ಅಕ್ಕ ಅದನ್ನು ನೋಡಿದಳು. ನೋಡಿದ್ದನ್ನು ನಾನೂ ನೋಡಿದೆ. ಹೊಲದಲ್ಲಿ ತೆನೆ ಬಲಿಯುತ್ತಿತ್ತು.

ಆ ದಿನಗಳಲ್ಲಿ ನಾನು ಪ್ರಬಂಧವನ್ನು ಮತ್ತೆ ಮತ್ತೆ ಓದಿದೆ. ಕೊಟ್ಟಿಗೆಯ ಪ್ರಯೋಗವನ್ನು ನಾನೇ ಒಂದು ಪುಟದಲ್ಲಿ ಬರೆದಿಟ್ಟಿದ್ದೆ: ಹುರಳಿಯನ್ನು ಬೇಯಿಸಿ, ಒಣಗಿಸಿ, ಒಡೆಸಿ ಬಳಸಲಾಯಿತು. ಈಗ ಹುರಿದು, ಒಡೆಸಿ. ಎರಡರಲ್ಲೂ ಬೆಂಕಿ ಇದೆ. ಮರಳಿನಲ್ಲಿ ಕಾಳು ಇರುವುದು ಸ್ವಲ್ಪ ಹೊತ್ತು ಮಾತ್ರ, ಬಿಸಿ ಸಾಲಲಿಲ್ಲವೇನೋ ಎಂದು ಭಟ್ಟಿಯವರಿಗೆ ಇನ್ನಷ್ಟು ಹುರಿಯಲು ಹೇಳಿದೆ. ಕಾಳು ಕರಕಾಯಿತು, ಕೋಳಿ ಹಾಗೆಯೇ ಉಳಿಯಿತು. ಕಾಲೇಜಿನಲ್ಲಿ ಜೀರ್ಣಾಂಗ ವ್ಯೂಹದ ಪಾಠ ನಡೆಯುತ್ತಿತ್ತು. ಚಿತ್ರ ಬರೆಯುವಾಗ ಅರ್ಧಕ್ಕೆ ಕೈ ನಿಂತುಹೋಗಿ, ಮುಂದಿನ ಸಾಲಿನ ಹುಡುಗಿಯರು ಪರಸ್ಪರ ಮುಖ ನೋಡಿಕೊಂಡದ್ದು ನೆನಪಿದೆ.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ತಾಟಿನಲ್ಲಿ ರೊಟ್ಟಿ, ಬದನೆಕಾಯಿ, ಮೊಸರು. ಪಕ್ಕದ ಮನೆಯ ಹೆಂಗಸು ಕೈಯಲ್ಲಿ ಬೋಗುಣಿ ಹಿಡಿದು ಬಾಗಿಲಿಗೆ ಬಂದರು.

"ಏನ್ಬೇ, ಇವತ್ತರ ಐತೇನು ಕಟ್ಟು?"

ಅತ್ತೆ ಒಳಗಿನಿಂದಲೇ ಸಿಡುಕಿದರು. "ಎಲ್ಲೀದು ಕಟ್ಟು? ಹುರಳಿ ಈಗ ಮನಿಗೆ ಎಲ್ಲಿ ಬರತೈತಿ? ಮೋಟಾರದಾಗ ಕುಂತು ಅಕ್ಕಿಆಲೂರ ಭಟ್ಟಿಗೆ ಹೊಕ್ಕೈತಿ, ದೊಡ್ಡ ಸಾಹೇಬ್ರಂಗ. ನಮಗ ಹುರಳಿ ಸಾರು ಕನಸಾಗೇತಿ."

"ಆವಾಗ ದಿನಾ ಕೊಡತಿದ್ದಿ, ನಾಲ್ಕ್ ಮನಿಗೆ ಆಕ್ಕಿತ್ತು. ರುಚಿ ಹತ್ತಿಸಿ ಬಿಟ್ಟಿ ನೋಡು."

ನಾನು ರೊಟ್ಟಿ ಕೆಳಗಿಟ್ಟೆ. ಕಟ್ಟು ಎಂದರೆ ಹುರಳಿ ಬೆಂದ ಮೇಲೆ ಬಸಿದ ನೀರು. ಗಟ್ಟಿ, ಕಂದು ಬಣ್ಣದ್ದು. ಅದಕ್ಕೆ ಹುಣಸೆ, ಬೆಳ್ಳುಳ್ಳಿ, ಖಾರ ಹಾಕಿ ಕುದಿಸಿದರೆ ಸಾರು. ಈ ಸೀಮೆಯಲ್ಲಿ ಹುರಳಿ ಬೇಯಿಸುವುದು ಎಂದರೇ ಕಟ್ಟು ಬಸಿಯುವುದು. ನಮ್ಮವ್ವ ಬಸಿಯುತ್ತಾಳೆ, ಅವಳ ಅವ್ವ ಬಸಿಯುತ್ತಿದ್ದಳು. ಬಸಿಯದೆ ಹುರಳಿ ಬೇಯಿಸಿದವರನ್ನು ನಾನು ಕಂಡಿಲ್ಲ. ಆದ್ದರಿಂದ ಅತ್ತೆ ಅದನ್ನು ಹೇಳಲಿಲ್ಲ, ಅಕ್ಕ ಹೇಳಲಿಲ್ಲ, ಕೊಟ್ಟಿಗೆಯ ಕೋಳಿಗಳು ಬೆಳೆಯುತ್ತಿದ್ದಾಗ ಶನಿವಾರ ಭಾನುವಾರ ಅದೇ ಕಟ್ಟಿನ ಸಾರನ್ನು ರೊಟ್ಟಿಯೊಂದಿಗೆ ಉಂಡ ನಾನೂ ಬರೆಯಲಿಲ್ಲ. ತಿಂದದ್ದನ್ನು ಮೈಗೆ ಹತ್ತಗೊಡದ ಸಿಪ್ಪೆಯ ಒಗರು ಆ ನೀರಿನಲ್ಲಿ ಇಳಿದು ನಾಲ್ಕು ಮನೆಯವರ ಹೊಟ್ಟೆ ಸೇರಿತ್ತು. ಕೋಳಿಗೆ ಸಿಕ್ಕಿದ್ದು ಒಗರು ಕಳೆದ ಕಾಳು. ಭಟ್ಟಿಯ ಮರಳು ಏನನ್ನೂ ಬಸಿಯುವುದಿಲ್ಲ.

ಎದ್ದು ಶೆಡ್ಡಿಗೆ ಹೋಗಿ ಹುರಿದ ಕಾಳು ನಾಲ್ಕು ತಂದೆ. ಅಟ್ಟದ ಹುರಳಿಯಿಂದ ಒಂದು ಹಿಡಿ ಬೇಯಿಸಿ ಬಸಿಯಲು ಅತ್ತೆಗೆ ಹೇಳಿದೆ. ಅವರು ಯಾಕೆಂದು ಕೇಳದೆ ಬೇಯಿಸಿದರು, ಸಾರಿನ ಆಸೆಗೆ ಇರಬೇಕು. ಹುರಿದ ಕಾಳು ಅಗಿದರೆ ಮೊದಲು ರುಚಿ, ಆಮೇಲೆ ನಾಲಿಗೆಯ ಅಂಚು ಹಿಡಿದಂತಾಗುತ್ತಿತ್ತು. ಬಸಿದ ಕಾಳು ಸಪ್ಪೆ. ಅಕ್ಕನೂ ಅಗಿದು ನೋಡಿದಳು. ನಾನು ವಿವರಿಸಿದೆ.

"ಹಂಗಾರ ಮತ್ತ ಕುದಸೂದು," ಎಂದಳು ಅವಳು. ದನಿಯಲ್ಲಿ ಸಂತೋಷವಿರಲಿಲ್ಲ. ಹುರಳಿಯ ಚೀಲಗಳು ಎಷ್ಟು, ಒಲೆ ಎಷ್ಟು ಎಂದು ಅವಳಿಗೆ ಗೊತ್ತಿತ್ತು.

ಶೆಡ್ಡಿನ ಹಿಂದೆ ಕಲ್ಲಿನ ಒಲೆ ಹೂಡಿ, ದೊಡ್ಡ ಡ್ರಮ್ಮಿನಲ್ಲಿ ಒಟ್ಟಿಗೆ ಕುದಿಸಿ ನೀರು ಚೆಲ್ಲಿಬಿಡೋಣ ಎಂದೆ. ಅತ್ತೆ ಒಲೆಯ ಮುಂದಿನಿಂದ ಎದ್ದೇ ಬಂದರು.

"ಕಟ್ಟು ಚೆಲ್ಲತೀಯಾ?"

"ಕೋಳಿಗೆ ಬ್ಯಾಡ ಅದು, ಅತ್ತಿ."

"ಕೋಳಿಗೆ ಬ್ಯಾಡಂದ್ರ ಗಟಾರಿಗೆ ಬೇಕಾಗೇತೇನು? ನಾ ಇರೂತನಕ ಈ ಮನಿಯಾಗ ಕಟ್ಟು ನೆಲಕ್ಕ ಬೀಳಂಗಿಲ್ಲ. ಹಾಲು ಚೆಲ್ಲಂದ್ರ ಚೆಲ್ಲತೀಯೇನು? ಸಣ್ಣಾಕಿ ಅಂತ ಸುಮ್ಮನದೇನಿ."

ಅಕ್ಕ ನನ್ನ ಕಡೆ ನೋಡಿ ತಲೆಯಾಡಿಸಿದಳು, ಈ ಮಾತು ಬಿಡು ಎನ್ನುವ ಹಾಗೆ. ಆಗ, ಕಟ್ಟಿನ ಆಸೆಗೆ ಬಾಗಿಲಲ್ಲೇ ಕೂತಿದ್ದ ಪಕ್ಕದ ಮನೆಯವರು ಬೋಗುಣಿ ಕೆಳಗಿಟ್ಟರು.

"ಒಂದ್ ಕೆಲಸ ಮಾಡ್ರಿ. ಕಾಳು ನಮಗ ಕೊಡ್ರಿ, ಕುದಿಸಿ ಕಟ್ಟು ನಾವು ಇಟ್ಕೋತೇವಿ, ಕಾಳು ನಿಮಗ ತಿರುಗಿ ಕೊಡತೇವಿ. ಕಟ್ಟಿಗೀನೂ ನಮ್ಮದ."

ಹೀಗೆ ಓಣಿಯ ಮನೆಗಳಿಗೆ ಹುರಳಿ ಹೋಗತೊಡಗಿತು. ಬೆಳಿಗ್ಗೆ ಅಕ್ಕ ಬುಟ್ಟಿಯಲ್ಲಿ ಅಳೆದು ಕೊಟ್ಟುಬರುತ್ತಿದ್ದಳು, ಮಧ್ಯಾಹ್ನ ಬೆಂದು ಬಸಿದ ಕಾಳು ತಂದು, ಮಳೆ ನಿಂತಿದ್ದರಿಂದ ಮಾಳಿಗೆಯ ಮೇಲೆ ಒಣಗಿಸುತ್ತಿದ್ದಳು. ಶನಿವಾರ ಭಾನುವಾರ ನಾನು ತರುತ್ತಿದ್ದೆ. ಉಪ್ಪು ಹಾಕಬೇಡಿ ಎಂದು ಪ್ರತಿ ಬಾಗಿಲಲ್ಲೂ ಹೇಳುವುದು ನನ್ನ ಕೆಲಸ. ಕೋಳಿಗೆ ಉಪ್ಪು ಹೆಚ್ಚಾದರೆ ನೀರು ಕುಡಿದು ಕುಡಿದು ಹೊಟ್ಟು ಮತ್ತೆ ಒದ್ದೆ. ಎಲ್ಲರೂ ಆಗಲಿ ಎನ್ನುತ್ತಿದ್ದರು, ಕೈಯಷ್ಟೇ ಕೇಳುತ್ತಿರಲಿಲ್ಲ. ಒಂದು ದಿನ ಮೂಲೆಮನೆಯ ಮುದುಕಿಯ ಕಾಳಿಗೆ ಸಾಸಿವೆ, ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಬಿದ್ದಿತ್ತು.

"ಇದೇನಜ್ಜಿ, ಕೋಳಿಗೆ ಒಗ್ಗರಣಿ ಹಾಕೀರಿ?"

"ಸಪ್ಪನ ಹೆಂಗ ತಿಂತಾವ ಯವ್ವಾ? ಹೆಂಗೂ ಸಾಯಾಕ ಹೊಂಟಾವ, ಎರಡ್ ದಿನ ರುಚಿಯಾಗಿ ಉಣ್ಣಲಿ ಬಿಡು."

ಆ ಬುಟ್ಟಿಯನ್ನು ಶೆಡ್ಡಿಗೆ ಒಯ್ಯಲಾಗಲಿಲ್ಲ. ನಾವೇ ಎರಡು ಹೊತ್ತು ಉಂಡೆವು.

ಕೋಳಿಗಳು ಸುಧಾರಿಸಿದವು. ಮೊದಲು ಹೊಟ್ಟು ಒಣಗಿತು, ಆಮೇಲೆ ಎದೆ ತುಂಬತೊಡಗಿತು. ಆದರೆ ಹೋದ ವಾರಗಳು ಹೋಗಿದ್ದವು. ಮಾರುವ ಹೊತ್ತಿಗೆ ಬರಬೇಕಾದ ತೂಕ ಬರಲಿಲ್ಲ. ಇನ್ನೂ ಕೆಲ ದಿನ ಇಟ್ಟುಕೊಳ್ಳಬೇಕಾಯಿತು, ಆ ದಿನಗಳಿಗೂ ಮೇವು ಬೇಕಾಯಿತು. ಅಷ್ಟರಲ್ಲಿ ಓಣಿ ದಣಿದಿತ್ತು. ಮೊದಲಿನ ಉತ್ಸಾಹದಲ್ಲಿ ಎರಡು ಬುಟ್ಟಿ ಕೇಳಿದವರು ಈಗ ಅಕ್ಕನನ್ನು ದೂರದಿಂದ ಕಂಡರೆ ಒಳಗೆ ಹೋಗುತ್ತಿದ್ದರು. ಎದುರುಮನೆಯ ಗಂಡಸು ಕಟ್ಟೆಯ ಮೇಲೆ ಕೂತು ಕೂಗಿದರು:

"ಅಕ್ಕಾರ, ನಿಮ್ಮ ಕೋಳಿ ಯಾವಾಗ ಹೊಕ್ಕಾವ್ರಿ? ಹುರಳಿ ಸಾರು ಉಂಡು ಉಂಡು ನಮಗ ರೆಕ್ಕಿ ಬರಾಕತ್ತಾವು!"

ಅಕ್ಕ ನಕ್ಕಳು. ಬಾಗಿಲು ದಾಟಿದ ಮೇಲೆ ಬುಟ್ಟಿಯನ್ನು ಸೊಂಟದಿಂದ ಇಳಿಸಿ ಗೋಡೆ ಹಿಡಿದು ನಿಂತಳು. ಅವಳ ಬೆರಳುಗಳು ಬಿಸಿ ಕಾಳು ಎತ್ತಿ ಎತ್ತಿ ತುದಿಯಲ್ಲಿ ಸುಲಿದಿದ್ದವು. ಕೊನೆಕೊನೆಗೆ ಆರು ಬುಟ್ಟಿ ಬೇಕಾದಲ್ಲಿ ಮೂರು ಬರುತ್ತಿದ್ದವು. ಉಳಿದದ್ದಕ್ಕೆ ಹಿಂಡಿ ಕೊಂಡು ತಂದೆವು.

ಸವಣೂರಿನ ಟೆಂಪೋ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ವ್ಯಾಪಾರಿ ಒಳಗೆ ನಡೆದು ನೋಡಿ, ಹೆಬ್ಬೆರಳು ಒತ್ತಿ, ನಾಲಿಗೆ ಲೊಚಗುಟ್ಟಿದರು.

"ಆವಾಗಿನ ಮಾಲು ಅಲ್ಲ ಇದು, ಅಕ್ಕಾರ. ಸುಳ್ಳು ಯಾಕ ಹೇಳಲಿ."

"ಗೊತ್ತೈತ್ರಿ."

"ಆದ್ರೂ ಒಯ್ತೇನಿ. ಮಾತು ಕೊಟ್ಟೇನಲ್ಲ. ಸಣ್ಣ ಹೋಟೆಲ್‌ನಾಗ ಓಡತಾವ."

ಅವರ ಆಳುಗಳು ಕೋಳಿಗಳನ್ನು ಕಾಲು ಹಿಡಿದು ಟ್ರೇಗಳಿಗೆ ತುಂಬಿದರು. ಶೆಡ್ಡು ಖಾಲಿಯಾದಾಗ ಅದರೊಳಗಿನ ಸದ್ದೂ ಒಮ್ಮೆಲೇ ನಿಂತಿತು. ಅಕ್ಕನಿಗೆ ಆ ಸಲ ಕೈಗೆ ಬಂದದ್ದು ದುಡಿಮೆಯ ಕೂಲಿಯಷ್ಟೂ ಅಲ್ಲ. ಭಾವ ಅದನ್ನು ಕೇಳಲಿಲ್ಲ. ಮುಖ ನೋಡಿದರೇ ತಿಳಿಯುತ್ತಿತ್ತು. ಹೊಲದಲ್ಲಿ ಗೋವಿನಜೋಳದ ರಾಶಿ ಶುರುವಾಗಿತ್ತು.

ಆ ಸಂಜೆ ನಾನು ಬಸ್ಸಿಗೆ ಹೊರಡುವ ಮುಂಚೆ ಅಕ್ಕ, ಭಾವ ಇಬ್ಬರೂ ಶೆಡ್ಡಿನಲ್ಲಿದ್ದರು. ಗುಡಿಸಿದ ನೆಲಕ್ಕೆ ಸುಣ್ಣ ಎರಚುವ ಕೆಲಸ ನಡೆದಿತ್ತು, ಪ್ರತಿ ಸಲ ಕೋಳಿ ಹೋದ ಮೇಲೆ ಮಾಡುವಂತೆ. ಅಕ್ಕ ಅರ್ಧದ ತನಕ ಎರಚಿ ನಿಲ್ಲಿಸಿದಳು. ಬುಟ್ಟಿಯಲ್ಲಿ ಉಳಿದ ಸುಣ್ಣವನ್ನು ಹಿಡಿಯಲ್ಲಿ ತಗೊಂಡು, ಬಗ್ಗಿ, ಈ ಗೋಡೆಯಿಂದ ಆ ಗೋಡೆಯ ತನಕ ಒಂದು ಗೆರೆ ಹಾಕಿದಳು. ಗೆರೆ ನೇರ ಬರಲಿಲ್ಲ.

"ಆ ಕಡೆ ನಿಮ್ಮ ಚೀಲ ಇಡ್ರಿ," ಎಂದಳು. "ಈ ಕಡೆ ನಾ ಮರಿ ಬಿಡತೇನಿ."

"ಅರ್ಧ ಶೆಡ್ಡಿನಾಗ ಏನ್ ಹುಟ್ಟತೈತಿ?"

"ಓಣಿಯವರು ಎಷ್ಟು ಕಟ್ಟು ಉಣತಾರೋ ಅಷ್ಟ ಕೋಳಿ. ಅದಕ್ಕಿಂತ ಹೆಚ್ಚು ಮಾಡಾಕ ನನಗೂ ಆಗಂಗಿಲ್ಲ, ಅವ್ರಿಗೂ ಆಗಂಗಿಲ್ಲ. ನೋಡೀನಲ್ಲ."

"ತೂಕ ಬರಲಿಲ್ಲಂದ್ರ ಪೂರಾ ಚೀಲ ಅಂತ ಮಾತಾಗಿತ್ತು."

"ಆಗಿತ್ತು. ಕೊಟ್ಟಿಗ್ಯಾಗ ಬಂದಿತ್ತಲ್ಲ ತೂಕ? ಅದು ನಾಲ್ಕ್ ಮನಿ ಸಾರಿನ ಕೋಳಿ. ಅರ್ಧ ಶೆಡ್ಡಂದ್ರ ಓಣಿಯ ಎಂಟ್ ಮನಿ ಸಾರಿನ ಕೋಳಿ. ಅರ್ಧ ಕೇಳಾಕತ್ತೇನಿ, ಪೂರಾ ಕೇಳಿಲ್ಲ."

ಭಾವ ಗೆರೆಯನ್ನು ನೋಡಿದರು. ನನ್ನನ್ನೂ ನೋಡಿದರು, ನಾನು ಏನಾದರೂ ಹೇಳುತ್ತೇನೋ ಎಂದು. ಲೆಕ್ಕದಲ್ಲಿ ಅವಳು ಹೇಳಿದ್ದು ಸರಿ ಇತ್ತು. ಲಾಭದ ದೃಷ್ಟಿಯಿಂದ ಅದು ಏನೂ ಅಲ್ಲ ಎನ್ನುವುದೂ ಸರಿ ಇತ್ತು. ಎರಡೂ ಅವಳಿಗೆ ಗೊತ್ತಿದ್ದವು.

"ಇಲಿ ಬರತಾವ," ಎಂದರು ಭಾವ. "ಕೋಳಿ ಮೇವು ಒಂದ್ ಕಡೆ, ಜ್ವಾಳ ಒಂದ್ ಕಡೆ. ಇಲಿಗೆ ಮದವಿ ಊಟ."

"ನಡುವ ತಗಡು ಹೊಡಸ್ರಿ."

"ತಗಡು ಹೊಡಸಬೇಕಂದ್ರ ಕಂಬ ಬೇಕು."

"ಕಂಬಾನೂ ಹುಗಸ್ರಿ."

ಭಾವ ಹೊರಗೆ ಹೋಗಿ ಹಾರೆ ತಂದರು. ಸುಣ್ಣದ ಗೆರೆ ವಕ್ರವಾಗಿದ್ದ ಕಡೆ ನಿಂತು, ಅದನ್ನು ಕಾಲಿನಿಂದ ಅಳಿಸಿ, ತಮ್ಮ ಹೆಜ್ಜೆಯಲ್ಲಿ ಮತ್ತೆ ಅಳೆದು ಒಂದು ಗುರುತು ಮಾಡಿದರು. ಅಕ್ಕನ ಕಡೆಗೆ ಒಂದು ಹೆಜ್ಜೆ ಕಡಿಮೆ ಬಂತು. ಅವಳು ಅದನ್ನು ನೋಡಿದಳು. ಅವರು ಗುರುತಿನ ಮೇಲೆ ಹಾರೆ ಹಾಕಿ ಅಗೆಯತೊಡಗಿದರು. ಅಕ್ಕ ಕೂತು, ಗುಂಡಿಯಿಂದ ಸಡಿಲವಾಗಿ ಬಂದ ಮಣ್ಣನ್ನು ಕೈಯಿಂದ ಎತ್ತಿ ಹೊರಗೆ ಹಾಕತೊಡಗಿದಳು. ಬಸ್ಸಿನ ಹೊತ್ತಾಗಿತ್ತು. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡೆ. ಹೋಗಿಬರುತ್ತೇನೆ ಎಂದದ್ದು ಹಾರೆಯ ಸದ್ದಿನಲ್ಲಿ ಅವರಿಗೆ ಕೇಳಿಸಿತೋ ಇಲ್ಲವೋ.